ಮಂದಿ ಇಲ್ಲದಾಗಿನ ಕುರ್ಚಿ

ನಮ್ಮ ಜನದಲ್ಲಿ ಸತ್ತವರನ್ನು ಮಲಗಿಸುವುದಿಲ್ಲ, ಕೂಡಿಸುತ್ತಾರೆ. ಈ ಸಲ ಮುಂಗಾರಿನ ಮಿರಗದ ಮಳೆ ಹಿಡಿದ ಹೊತ್ತಿಗೆ ಮಾವ ತೀರಿಕೊಂಡರೆಂದು ಸುದ್ದಿ ಬಂತು. ಗಂಗಾವತಿಯಿಂದ ಬಸ್ಸು ಹಿಡಿದು ಇರಕಲ್ಲಗಡದ ಗಂಡನ ಮನೆಗೆ ಹೋದಾಗ ಅವರನ್ನು ಪಡಸಾಲೆಯ ಗೋಡೆಗೆ ಒರಗಿಸಿ ಕೂಡಿಸುತ್ತಿದ್ದರು. ಬೆನ್ನಿಗೆ ಒಂದು ದಿಂಬು ಕೊಟ್ಟರು. ಅದು ಸಾಲದೆಂದು ಇನ್ನೊಂದು ತಂದರು. "ಕುತ್ತಿಗಿ ವಾಲಾಕತ್ತೈತಿ, ಒಂದು ಅರಿವಿ ಸುತ್ರಿ" ಎಂದರು ಒಬ್ಬರು. "ಟೊಂಕದ ಹಿಂದ ಕೌದಿ ಮಡಚಿ ಇಡ್ರಿ, ಆರಾಮ ಕುಂದರ್ತಾರ" ಎಂದರು ಇನ್ನೊಬ್ಬರು. ಗಂಡಸರು, ಹೆಂಗಸರು ಎಲ್ಲರೂ ಸೇರಿ, ಎಳೆಕೂಸನ್ನು ಕೂಡಿಸುವಷ್ಟು ಜೋಪಾನದಿಂದ ಅವರನ್ನು ಕೂಡಿಸಿದರು.

ಹೆಂಗಸರೆಲ್ಲ ನೆಲದ ಮೇಲೆ ಕೂತು ಅಳುತ್ತಿದ್ದರು. ಕೂತರೆ ಏಳಲಾರೆನೆಂದು ನಾನು ಬಾಗಿಲ ಚೌಕಟ್ಟು ಹಿಡಿದು ನಿಂತೇ ಇದ್ದೆ. ವಿಭೂತಿ, ಊದಿನಕಡ್ಡಿ, ಮಲ್ಲಿಗೆ ಹಾರಗಳ ವಾಸನೆಯ ನಡುವೆ ನನಗೆ ದುಃಖ ಬರಲಿಲ್ಲ. ಸಿಟ್ಟು ಬಂತು. ಸತ್ತವರ ಟೊಂಕಕ್ಕೆ ಕೌದಿ ಇಡಬೇಕೆಂದು ಈ ಮನೆಗೆ ಎಷ್ಟು ಚೆನ್ನಾಗಿ ಗೊತ್ತಿದೆ ಎನ್ನಿಸಿತು. ಅದೇ ಪಡಸಾಲೆಯಲ್ಲಿ ನಾನು ಒಂದಿಡೀ ಮಳೆಗಾಲ ಕೂರಲು ಜಾಗ ಹುಡುಕಿದ್ದೆ.

ನನ್ನ ತವರು ಆನೆಗೊಂದಿ. ಅವ್ವ ಬಾಳೆಯ ನಾರು ಹೊಸೆದು ಹಗ್ಗ ಮಾಡಿ ನನ್ನನ್ನೂ ತಮ್ಮನನ್ನೂ ಸಾಕಿದಳು. ಇರಕಲ್ಲಗಡದ ಶರಣಪ್ಪನಿಗೆ ಸರ್ಕಾರಿ ಕೆಲಸ, ಕರೆಂಟಿನ ಲೈನ್‌ಮನ್ ಎಂದು ಖುಷಿಯಿಂದಲೇ ಕೊಟ್ಟಳು. ಆ ಮನೆಯಲ್ಲಿ ಅತ್ತೆ, ಮಾವ, ನಾವಿಬ್ಬರು. ನಾದಿನಿ ಗೌರಿಯನ್ನು ಕುಷ್ಟಗಿಗೆ ಕೊಟ್ಟಿದ್ದರು. ಮಗಳು ಹುಟ್ಟಿದ ಮೇಲೆ ನನಗೆ ಟೊಂಕನೋವು ಶುರುವಾಯಿತು. ಬಾಣಂತನ ಸರಿಯಾಗಲಿಲ್ಲ, ಗಾಳಿ ಹೊಕ್ಕಿದೆ, ಮೈ ಕಾಯಿಸಿಕೊ ಎಂದರು. ಕಾಯಿಸಿಕೊಂಡೆ. ಮಗಳು ಅಂಗನವಾಡಿಗೆ ಹೋಗುವಷ್ಟಾದರೂ ನೋವು ಹೋಗಲಿಲ್ಲ. ಬೆಳಿಗ್ಗೆ ಏಳುವಾಗ ಬೆನ್ನಿನ ಕೆಳಭಾಗ ಹಸಿಮಣ್ಣು ಒಣಗಿ ಬಿರುಸಾದ ಹಾಗಿರುತ್ತಿತ್ತು. ಮಲಗುವ ಹೊರಸಿನ ಅಂಚು ಹಿಡಿದು, ಮಗ್ಗುಲಾಗಿ, ಕಾಲು ಕೆಳಗೆ ಬಿಟ್ಟು, ಉಸಿರು ಬಿಗಿಹಿಡಿದು ಎದ್ದು ನಿಲ್ಲಬೇಕು. ಹೊತ್ತೇರಿದಂತೆ ಸ್ವಲ್ಪ ಸಡಿಲ. ಆಗ ಓಡಾಡುವುದನ್ನು ಕಂಡವರು ಎನ್ನುತ್ತಿದ್ದರು, "ಈಗ ನೋಡು, ಹೆಂಗ ಓಡಾಡ್ತಾಳ! ಮುಂಜಾನಿ ಕೆಲಸದ ಹೊತ್ತಿಗಷ್ಟ ಇಕಿಗೆ ನೋವು."

ಕೊಪ್ಪಳದ ಒಬ್ಬ ಡಾಕ್ಟರು ಎಕ್ಸ್‌ರೇ ತೆಗೆಸಿ, "ಫೋಟೋದಾಗ ಏನೂ ಇಲ್ಲವ್ವ" ಎಂದು ಕಳಿಸಿದ್ದರು. ಅಂದಿನಿಂದ ನನ್ನ ನೋವಿಗೆ ಮನೆಯಲ್ಲಿ ಸಾಕ್ಷಿಯೇ ಇಲ್ಲದಂತಾಯಿತು. ಆ ವರ್ಷ ಬೇಸಿಗೆಯ ಕೊನೆಗೆ ಇನ್ನೊಬ್ಬ ಡಾಕ್ಟರನ್ನು ಕಂಡೆ. ವಯಸ್ಸಾದ ಹೆಂಗಸು. ನನ್ನನ್ನು ಬಗ್ಗಿಸಿ, ನಡೆಸಿ, ಮಲಗಿಸಿ ನೋಡಿ, "ಮುಂಜಾನೆ ಎದ್ದಾಗ ಎಷ್ಟು ಹೊತ್ತು ಬಿಗಿ ಇರುತ್ತೆ?" ಎಂದು ಕೇಳಿದರು. ಅದುವರೆಗೆ ಯಾರೂ ಕೇಳದ ಪ್ರಶ್ನೆ ಅದು. ಉತ್ತರ ಹೇಳುವ ಮೊದಲೇ ನನಗೆ ಅಳು ಬಂತು. ರಕ್ತ ಪರೀಕ್ಷೆ ಮಾಡಿಸಿ, ಇದು ಕೀಲುಗಳ ಬಾವು, ಪೂರ್ತಿ ಹೋಗುವ ಕಾಯಿಲೆಯಲ್ಲ, ಜೊತೆಗಿಟ್ಟುಕೊಂಡೇ ಬಾಳಬೇಕು ಎಂದರು. ಗುಳಿಗೆ ಬರೆದುಕೊಟ್ಟು, ನೆಲದ ಮೇಲೆ ಕೂರಬೇಡ, ಗಟ್ಟಿ ಆಸನದ, ಬೆನ್ನಿಗೆ ಆಸರೆ ಇರುವ ಕುರ್ಚಿಯಲ್ಲಿ ಕೂರು, ಒಂದೇ ಕಡೆ ಬಹಳ ಹೊತ್ತು ಕೂರದೆ ನಡುನಡುವೆ ಎದ್ದು ಓಡಾಡು ಎಂದರು.

ಮನೆಗೆ ಬಂದು ಅದನ್ನೇ ಹೇಳಿದೆ. ಅತ್ತೆ ಹೊಟ್ಟೆ ಹಿಡಿದುಕೊಂಡು ನಕ್ಕರು. "ನೆಲದ ಮ್ಯಾಲ ಕುಂದರಬಾರದಂತ! ಹಂಗಾರ ರೊಟ್ಟಿ ಏನು ಗಾಳ್ಯಾಗ ಬಡೀತಿಯೇನು?"

ಅವರ ನಗುವಿಗೂ ಕಾರಣವಿತ್ತು. ಆ ಮನೆಯ ಕೆಲಸವೆಲ್ಲ ನೆಲದಲ್ಲಿತ್ತು. ಒಲೆ ನೆಲದಲ್ಲಿ, ಕಾಳು ಹಸನು ಮಾಡುವುದು ನೆಲದಲ್ಲಿ, ಪಾತ್ರೆ ತಿಕ್ಕುವುದು, ಮಗುವಿನ ತಲೆ ಬಾಚುವುದು, ಉಣ್ಣುವುದು ಎಲ್ಲ ನೆಲದಲ್ಲಿ. ನೆಲದಿಂದ ಮೇಲಿದ್ದ ಕೂರುವ ಜಾಗವೆಂದರೆ ಪಡಸಾಲೆಯಲ್ಲಿ ಮಾವನ ಕುರ್ಚಿ. ಅವರು ಪಂಚಾಯಿತಿಯಲ್ಲಿ ಬಿಲ್ ಕಲೆಕ್ಟರ್ ಆಗಿದ್ದು ನಿವೃತ್ತರಾದಾಗ ಊರವರು ಹಾರ ಹಾಕಿ ಕೊಟ್ಟದ್ದು. ಸಾಗವಾನಿಯದು, ಬೆತ್ತ ಹೆಣೆದ ಆಸನ, ಎರಡು ಕಡೆ ಅಗಲವಾದ ಕೈಗಳು. ಮುಂಜಾನೆ ಅವರು ಅದರಲ್ಲಿ ಕೂತು ಪೇಪರ್ ಓದುತ್ತಿದ್ದರು. ಆ ಹೊತ್ತು ನಾನು ಸೆರಗು ಹೊದ್ದು ಗೋಡೆ ಬದಿಗೆ ಸರಿದು ಹೋಗಬೇಕು.

ನಮ್ಮವರು ಕೊಪ್ಪಳದಿಂದ ಒಂದು ಪ್ಲಾಸ್ಟಿಕ್ ಕುರ್ಚಿ ತಂದರು. ಅತ್ತೆ ಅದನ್ನು ಒಳಗಿನ ಕೋಣೆಯಲ್ಲಿ ಇಡಿಸಿದರು. "ಕುಂದರೋದಿದ್ರ ಅಲ್ಲೇ ಕುಂದ್ರು. ಮಾವನ ಎದುರಿಗೆ ತರಬ್ಯಾಡ" ಎಂದರು. ಆ ಕೋಣೆಯಲ್ಲಿ ಕಾಳಿನ ಚೀಲಗಳು, ಕಿಟಕಿ ಇಲ್ಲ. ಕುರ್ಚಿಯ ಆಸನ ಹಿಂದಕ್ಕೆ ಇಳಿಜಾರಾಗಿತ್ತು. ಕೂತರೆ ಟೊಂಕ ಗುಂಡಿಯಲ್ಲಿ ಬಿದ್ದ ಹಾಗೆ. ಕೌದಿ ಮಡಚಿ ಹಾಕಿದರೆ ಪಾದ ನೆಲಕ್ಕೆ ಮುಟ್ಟುತ್ತಿರಲಿಲ್ಲ, ಪಾದದ ಕೆಳಗೆ ಮಣೆ ಇಟ್ಟರೆ ಮಂಡಿ ಮೇಲೇರುತ್ತಿತ್ತು. ಹೊರಸಿನ ಮೇಲೆ ಕೂತರೆ ಹಗ್ಗ ಜೋತು ಒಳಗೆ ಎಳೆದುಕೊಳ್ಳುತ್ತಿತ್ತು. ಟ್ರಂಕಿನ ಮೇಲೆ ಕೂತು ನೋಡಿದೆ, ಸಜ್ಜೆಯ ಚೀಲದ ಮೇಲೆ ಕೂತೆ, ಹಿತ್ತಲ ಒಗೆಯುವ ಕಲ್ಲಿನ ಮೇಲೆ ಕೂತೆ. ಬೆನ್ನಿಗೆ ಆಸರೆ ಸಿಕ್ಕಲ್ಲಿ ಎತ್ತರ ಸರಿಯಿರಲಿಲ್ಲ, ಎತ್ತರ ಸರಿಯಿದ್ದಲ್ಲಿ ಆಸರೆ ಇರಲಿಲ್ಲ. ಒಂದು ದಿನ ಪ್ಲಾಸ್ಟಿಕ್ ಕುರ್ಚಿಯ ಹಿಂಗಾಲು ಅಗಲಿ ಸೀಳಿ ನಾನು ಚೀಲಗಳ ನಡುವೆ ಬಿದ್ದೆ. ಸದ್ದು ಕೇಳಿ ಓಡಿಬಂದ ಅತ್ತೆ ಮೊದಲು ಹೆದರಿದರು, ಆಮೇಲೆ ನಕ್ಕರು. ಓಣಿಯಲ್ಲೆಲ್ಲ ಅದು ಒಂದು ವಾರದ ಮಾತಾಯಿತು.

"ಮಾವನ ಕುರ್ಚಿಯಂಥದೊಂದು ಬಡಗ್ಯಾರ ಹತ್ರ ಮಾಡಸ್ರಿ" ಎಂದು ನಮ್ಮವರನ್ನು ಕೇಳಿದೆ.

ಅವರು ಬಹಳ ಹೊತ್ತು ಯೋಚಿಸಿದರು. ಕೆಟ್ಟ ಮನುಷ್ಯನಲ್ಲ. ರಾತ್ರಿ ನನ್ನ ಬೆನ್ನಿಗೆ ಎಣ್ಣೆ ತಿಕ್ಕುತ್ತಿದ್ದರು. ಆದರೂ ಹೇಳಿದ್ದು, "ಅಪ್ಪಗ ಸರಿಸಮ ಕುರ್ಚಿ ಹೆಂಡ್ತಿಗೆ ಮಾಡಿಸ್ಯಾನ ಅಂದ್ರ ಮಂದಿ ಏನಂದಾರು ಲಲಿತಾ?"

ಮಳೆ ಆ ವರ್ಷ ಛಲೋ ಹಿಡಿಯಿತು. ಗುಡ್ಡದ ಕಲ್ಲುಗಳೆಲ್ಲ ತೊಳೆದು ಕಪ್ಪಾದವು. ಹೆಸರು, ಸಜ್ಜೆ ಎದ್ದು ನಿಂತವು. ಅತ್ತೆ ಕಸ ತೆಗೆಯಲು ಆಳುಗಳ ಜೊತೆ ಹೊಲಕ್ಕೆ ಹೋದರೆ ಸಂಜೆಯೇ ಬರುವುದು. ಮಾವ ಉಂಡು ಹನುಮಪ್ಪನ ಗುಡಿಯ ಕಟ್ಟೆಗೆ ಹೋಗಿ ಓರಗೆಯವರ ಜೊತೆ ಹರಟುತ್ತಿದ್ದರು. ಮಗಳು ಅಂಗನವಾಡಿಗೆ ಹೋದರೆ ಮಧ್ಯಾಹ್ನ ಮನೆಯಲ್ಲಿ ನಾನೊಬ್ಬಳೇ. ತಂಪು ಹವೆಗೆ ನೋವು ಹೆಚ್ಚಾಗಿತ್ತು. ಒಂದು ದಿನ ಪಡಸಾಲೆ ಗುಡಿಸುತ್ತಿದ್ದಾಗ ಸೊಂಟ ಹಿಡಿದುಕೊಂಡಿತು. ಕುರ್ಚಿಯ ಕೈ ಹಿಡಿದು ನಿಂತೆ. ಆಮೇಲೆ ಕೂತೆ.

ಆ ಕ್ಷಣವನ್ನು ಹೇಗೆ ಹೇಳಲಿ? ಪಾದ ಎರಡೂ ನೆಲಕ್ಕೆ ಊರಿದವು. ಬೆತ್ತ ಬಿಗಿಯಾಗಿ ಮೈ ಹೊತ್ತುಕೊಂಡಿತು. ಒರಗುಹಲಗೆ ಸರಿಯಾಗಿ ನೋವಿದ್ದಲ್ಲಿಗೇ ಬಂತು. ಕೈಗಳನ್ನು ಕುರ್ಚಿಯ ಕೈಗಳ ಮೇಲಿಟ್ಟಾಗ ಹೆಗಲ ಭಾರ ಇಳಿಯಿತು. ನೋವು ಇತ್ತು, ಆದರೆ ದೂರ ಸರಿದು ನಿಂತಿತ್ತು. ಹೊರಗೆ ಜಿನುಗುವ ಮಳೆ ನೋಡುತ್ತ ಕೂತೆ. ಮಗಳು ಹುಟ್ಟಿದ ಮೇಲೆ ಮಳೆಯನ್ನು ಸುಮ್ಮನೆ ನೋಡಿದ್ದು ಅವತ್ತೇ.

ದಿನವೂ ಕೂರತೊಡಗಿದೆ. ಕಾಳಿನ ಮೊರ ತೊಡೆಯ ಮೇಲಿಟ್ಟುಕೊಂಡು ಹಸನು ಮಾಡಿದೆ. ಸಂಜೆಯ ಕೆಲಸಕ್ಕೆ ಮೈ ಸ್ವಲ್ಪ ಒಪ್ಪುತ್ತಿತ್ತು. ಅತ್ತೆಯೇ ಒಮ್ಮೆ, "ಗುಳಿಗಿ ಹತ್ತ್ಯಾವ ಕಾಣಸ್ತೈತಿ" ಎಂದರು.

ಹೀಗಿರುವಾಗ ಒಂದು ಮಧ್ಯಾಹ್ನ ದೊಡ್ಡ ಮಳೆ ಬಂದು ಮಾವ ಕೊಡೆಗೆಂದು ಹೊಳ್ಳಿ ಬಂದರು. ನಾನು ಕುರ್ಚಿಯಲ್ಲಿದ್ದೆ. ದಡಕ್ಕನೆ ಎದ್ದೆ, ಎದ್ದ ರಭಸಕ್ಕೆ ನೋವು ಚುಚ್ಚಿ ಬಾಯಿಂದ ಸಣ್ಣ ಕೂಗು ಹೊರಟಿತು. ಮೊರದ ಹೆಸರುಕಾಳೆಲ್ಲ ನೆಲಕ್ಕೆ ಚೆಲ್ಲಿತು. ಮಾವ ಹೊಸ್ತಿಲಲ್ಲೇ ನಿಂತರು. ಅವರ ತಲೆಯಿಂದ ನೀರು ಸುರಿಯುತ್ತಿತ್ತು.

"ಕುಂದ್ರವ್ವ, ಕುಂದ್ರು" ಎಂದರು.

ಕೊಡೆ ತೆಗೆದುಕೊಂಡು ಮತ್ತೆ ಮಳೆಯಲ್ಲಿ ಹೋದರು. ಆ ಮಳೆಯಲ್ಲಿ ಗುಡಿಕಟ್ಟೆಯ ಮೇಲೆ ಯಾರೂ ಇದ್ದಿರಲಾರರು. ನನಗಾಗಿಯೇ ಹೋದರು.

ಮರುದಿನದಿಂದ ಅವರು ಸಂಜೆ ಬರುವಾಗ ಓಣಿಯ ಕೊನೆಗೇ ಕೆಮ್ಮುತ್ತಿದ್ದರು. ನನಗೆ ಏಳಲು ಸಮಯ ಬೇಕೆಂದು ಬಾಗಿಲಲ್ಲಿ ಚಪ್ಪಲಿ ಬಿಡುವುದನ್ನು ನಿಧಾನ ಮಾಡುತ್ತಿದ್ದರು. ಒಂದು ದಿನ ಕುರ್ಚಿಯ ಬೆನ್ನಿಗೆ ಅವರ ಹಳೆಯ ಶಾಲು ಮಡಚಿ ಹಾಕಿತ್ತು. ಅವರಿಗೆ ಅದು ಬೇಕಿರಲಿಲ್ಲ. ನಾವಿಬ್ಬರೂ ಒಂದು ಮಾತನ್ನೂ ಆಡಲಿಲ್ಲ. ಆದರೆ ಈ ಮನೆಯಲ್ಲಿ ಒಬ್ಬರಿಗೆ ನನ್ನ ನೋವು ಗೊತ್ತಿದೆ ಎಂದು ನಾನು ನಂಬಿದೆ. ಅಪ್ಪನನ್ನು ಸಣ್ಣವಳಿದ್ದಾಗಲೇ ಕಳಕೊಂಡವಳು ನಾನು. ಮನಸ್ಸಿನಲ್ಲಿ ಅವರನ್ನು ಆ ಜಾಗದಲ್ಲಿ ಇಟ್ಟುಕೊಂಡೆ.

ಶ್ರಾವಣ ಕಳೆದ ಮೇಲೆ ಗೌರಿ ತುಂಬಿದ ಬಸುರಿಯಾಗಿ ತವರಿಗೆ ಬಂದಳು. ಸೀಮಂತದ ಕುಬಸ ಮಾಡಬೇಕೆಂದು ಕುಷ್ಟಗಿಯ ಬೀಗರಿಗೆ ಹೇಳಿ ಕಳಿಸಿದರು. ಗೌರಿ ಇಡೀ ದಿನ ಮನೆಯಲ್ಲಿ ಇರುತ್ತಿದ್ದುದರಿಂದ ನನ್ನ ಕೂರುವುದು ಕಡಿಮೆಯಾಯಿತು. ಅವಳು ಮಲಗಿದ್ದಾಗ ಮಾತ್ರ ಒಂದು ಗಳಿಗೆ ಕೂರುತ್ತಿದ್ದೆ. ಕುಬಸಕ್ಕೆ ಮುಂಚೆ ಹಲವು ದಿನ ಒಲೆಯ ಮುಂದೆ ಕೂತು ಸಜ್ಜೆರೊಟ್ಟಿ ಬಡಿದು ಒಣಗಿಸಿದೆ. ಓಣಿಯ ಹೆಂಗಸರೂ ಬಂದಿದ್ದರು. ಅವರು ಹಾಡು ಹೇಳುತ್ತ ಬಡಿಯುತ್ತಿದ್ದರು, ನಾನು ಹಲ್ಲು ಕಚ್ಚಿ.

ಕುಬಸದ ದಿನ ಮಾವನ ಕುರ್ಚಿಗೆ ಬಾಳೆಕಂಬ ಕಟ್ಟಿ, ಹೂವು ಸುತ್ತಿ, ಗೌರಿಯನ್ನು ಅದರಲ್ಲಿ ಕೂಡಿಸಿದರು. "ಟೊಂಕ ನೋವಾಕತ್ತೈತಿ" ಎಂದು ಅವಳು ಅಂದದ್ದೇ ತಡ, ಅತ್ತೆ ತಾವೇ ಓಡಿಹೋಗಿ ದಿಂಬು ತಂದು ಹಿಂದೆ ಇಟ್ಟರು. ಆರತಿಯಾಯಿತು, ಹಾಡಾಯಿತು. ಗೌರಿಯನ್ನು ಊಟಕ್ಕೆ ಒಳಗೆ ಕರೆದೊಯ್ದರು. ಪಡಸಾಲೆಯಲ್ಲಿ ಗಂಡಸರ ಊಟ ಮುಗಿದು ಹಿರಿಯರು ಬಾಡಿಗೆ ಕುರ್ಚಿಗಳಲ್ಲಿ ಎಲೆಅಡಿಕೆ ಹಾಕುತ್ತ ಕೂತಿದ್ದರು. ನೆಲದ ಮೇಲೆ ಹೆಂಗಸರ ಪಂಕ್ತಿ. ನಾನು ರೊಟ್ಟಿಯ ಬುಟ್ಟಿ ಹಿಡಿದು ಬಗ್ಗಿ ಬಗ್ಗಿ ಬಡಿಸುತ್ತಿದ್ದೆ. ಪಂಕ್ತಿಯ ನಡುವೆ ಬಲಗಾಲು ನನ್ನದಲ್ಲವೆಂಬಂತೆ ಸೋತಿತು. ಪಕ್ಕದಲ್ಲಿ ಖಾಲಿಯಿದ್ದುದು ಮಾವನ ಕುರ್ಚಿಯೊಂದೇ. ಬುಟ್ಟಿ ಸಮೇತ ಅದರಲ್ಲಿ ಕುಸಿದೆ.

ಉಣ್ಣುವವರ ಕೈ ನಿಂತವು. ಗೌರಿಯ ಅತ್ತೆ ನನ್ನನ್ನು ಕೆಳಗಿಂದ ಮೇಲೆ ನೋಡಿದರು. "ಇಕಿ ಮನಿ ಸೊಸಿ ಅಲ್ಲೇನು? ನಾವು ನೆಲದ ಮ್ಯಾಲ ಉಣ್ಣಾಕತ್ತೀವಿ, ಇಕಿ ಕುರ್ಚಿ ಏರ್ಯಾಳ. ಛಲೋ ಕಲಿಸೀರಿ ಬಿಡ್ರಿ ಬೀಗತಿ."

ಅತ್ತೆಯ ಮುಖ ಕಪ್ಪಿಟ್ಟಿತು. "ಲಲಿತಾ, ಏಳು."

"ಒಂದು ಗಳಿಗಿ ತಡೀರಿ ಅತ್ತಿ. ಕಾಲು ಹಿಡದೈತ್ರಿ, ಏಳಾಕ ಬರವಲ್ದು."

ಒಳಗಿನಿಂದ ಗೌರಿ ಕೂಗಿ ಹೇಳಿದಳು, "ದಿನಾ ಅದರಾಗ ಕುಂದರ್ತಾಳವ್ವ. ನಾ ಮಲಗೇನಿ ಅಂತ ತಿಳದು ಅಪ್ಪನ ಕುರ್ಚ್ಯಾಗ ಕುಂತಿರ್ತಾಳ. ಕಣ್ಣಾರೆ ನೋಡೀನಿ."

ಅತ್ತೆ ಮಾವನ ಕಡೆ ತಿರುಗಿದರು. "ನಿಮಗ ಗೊತ್ತೈತೇನ್ರಿ ಇದು?"

ನಾನೂ ಮಾವನನ್ನೇ ನೋಡಿದೆ. ಅವರು ಬೀಗರ ಪಕ್ಕದಲ್ಲಿ ಕೂತಿದ್ದರು. ಕೈಯಲ್ಲಿ ಸುಣ್ಣ ಸವರಿದ ಎಲೆ ಇತ್ತು. ಆಕೆಗೆ ಬ್ಯಾನಿ ಐತಿ, ನಾನೇ ಕುಂದ್ರು ಅಂದೀನಿ ಎಂದು ಅವರು ಹೇಳುತ್ತಾರೆಂದು ನನಗೆ ಒಂದಿಷ್ಟೂ ಸಂಶಯವಿರಲಿಲ್ಲ. ಮಾವ ಎಲೆಯನ್ನು ಮಡಚಿದರು.

"ನನಗೇನ್ ಗೊತ್ತು? ನಾ ಮಧ್ಯಾಹ್ನ ಮನ್ಯಾಗ ಎಲ್ಲಿರ್ತೀನಿ?"

ಎಲೆ ಬಾಯಿಗೆ ಹಾಕಿಕೊಂಡರು. ಮಾತು ಅಲ್ಲಿಗೆ ಮುಗಿಯಿತು. ನಮ್ಮವರು ನೀರಿನ ತಂಬಿಗೆ ಹಿಡಿದು ಬಾಗಿಲಲ್ಲಿ ನಿಂತಿದ್ದರು. ಅವರು ನೆಲ ನೋಡುತ್ತಿದ್ದರು.

ನಾನು ಎದ್ದೆ. ಹೇಗೆ ಎದ್ದೆನೆಂದು ಇವತ್ತಿಗೂ ಗೊತ್ತಿಲ್ಲ. ಉಳಿದವರಿಗೆಲ್ಲ ರೊಟ್ಟಿ ಬಡಿಸಿದೆ. ಗೌರಿಯ ಅತ್ತೆಗೆ ಎರಡನೆಯ ಸಲವೂ ಬಡಿಸಿದೆ. ಮರುದಿನ ಬೆಳಿಗ್ಗೆ ಮಗಳ ಕೈ ಹಿಡಿದು, ಒಂದು ಚೀಲ ತೆಗೆದುಕೊಂಡು ಹೊರಟೆ. ಮಾವ ಕುರ್ಚಿಯಲ್ಲಿ ಕೂತು ಪೇಪರ್ ಓದುತ್ತಿದ್ದರು. "ಹೋಗಿ ಬರ್ತೀನ್ರಿ" ಎಂದೆ. ಪೇಪರ್ ಕೆಳಗಿಳಿಯಲಿಲ್ಲ.

ಆನೆಗೊಂದಿಯಲ್ಲಿ ಅವ್ವ ಮನೆಯ ಮುಂದಿನ ಕಲ್ಲುಕಟ್ಟೆಯ ಮೇಲೆ ಕೂತು ನಾರು ಬಿಡಿಸುತ್ತಿದ್ದಳು. ಎಲ್ಲ ಹೇಳಿದೆ. ಅವಳು ಕೈ ನಿಲ್ಲಿಸದೆ ಕೇಳಿದಳು. "ಒಂದು ಕುರ್ಚಿ ಸಲುವಾಗಿ ಮನಿ ಬಿಟ್ಟು ಬಂದಿಯೇನವ್ವ? ನಾ ಈ ಕಲ್ಲಿನ ಮ್ಯಾಲ ಕುಂತು ಕುಂತು ಗೂನು ಬಿದ್ದೀನಿ. ಯಾರಿಗೆ ಹೇಳೀನಿ?"

"ಹೇಳಬೇಕಿತ್ತವ್ವ" ಎಂದೆ. ಅವಳಿಗೆ ಸಿಟ್ಟು ಬಂತು. ತಮ್ಮನ ಮನೆಯಲ್ಲಿ ನಾನು ಎಷ್ಟು ದಿನ ಇರಲಾದೀತು ಎಂಬುದು ಅವಳ ಚಿಂತೆ. ನದಿ ತುಂಬಿ ಹರಿಯುತ್ತಿತ್ತು, ಬಾಳೆತೋಟಗಳಲ್ಲಿ ನೀರು ನಿಂತಿತ್ತು. ಬಂಡೆಗಳ ನಡುವಿನ ದಾರಿಯಲ್ಲಿ ದಿನಾ ನಡೆದೆ. ನಡೆದರೆ ನೋವು ಕಡಿಮೆ. ಕೂರಬೇಕೆಂದಾಗ ಮಾತ್ರ ಎಲ್ಲ ಕಡೆ ಕಲ್ಲು.

ದೀಪಾವಳಿ ಆದ ಮೇಲೆ ನಮ್ಮವರು ಬಂದರು. ತಪ್ಪಾಯಿತು ಎನ್ನಲಿಲ್ಲ. "ಗಂಗಾವತಿಗೆ ವರ್ಗ ಆಗೇತಿ. ಬಾಡಿಗಿ ಮನಿ ನೋಡೀನಿ. ಒಲಿ ಕಟ್ಟಿ ಮ್ಯಾಲೈತಿ, ನಿಂತು ಮಾಡಬಹುದು" ಎಂದರು. ಆ ಕೊನೆಯ ಮಾತಿಗಾಗಿ ನಾನು ಅವರ ಜೊತೆ ಹೋದೆ. ಒಂದೇ ಕೋಣೆ, ಹಿಂದೆ ಅಡುಗೆಯ ಜಾಗ. ಓಣಿಯ ಬಡಗಿ ನನ್ನ ಮಂಡಿಯ ಎತ್ತರ ಅಳೆದು ಬೇವಿನ ಮರದಲ್ಲಿ ಕುರ್ಚಿ ಮಾಡಿಕೊಟ್ಟ. ಕೂತ ಮೊದಲ ದಿನ ಎಲ್ಲ ಸರಿಹೋಯಿತೆಂದುಕೊಂಡೆ. ಸರಿಹೋಗಲಿಲ್ಲ. ನೋವು ಇಂದಿಗೂ ಇದೆ. ಕೆಲವು ದಿನ ಆ ಕುರ್ಚಿಯೂ ಮುಳ್ಳಾಗುತ್ತದೆ, ಎದ್ದು ಗೋಡೆಗೆ ಆತು ನಿಲ್ಲುತ್ತೇನೆ. ಕೂತವಳನ್ನು ಏಳು ಎನ್ನುವವರು ಇಲ್ಲ, ಅಷ್ಟೇ.

ಮರುವರ್ಷ ಬೇಸಿಗೆಯಲ್ಲಿ ಮಾವ ಕಣ್ಣು ತೋರಿಸಲು ಗಂಗಾವತಿಗೆ ಬಂದವರು, ಹೇಳದೆ ಕೇಳದೆ ಮನೆಗೆ ಬಂದರು. ನಮ್ಮವರು ಡ್ಯೂಟಿಗೆ ಹೋಗಿದ್ದರು. ನನಗೆ ಅಂದು ಬಹಳ ನೋವಿತ್ತು. ಕುರ್ಚಿಯಿಂದ ಏಳಲು ಹವಣಿಸುತ್ತಿದ್ದೆ.

"ಏಳಬ್ಯಾಡವ್ವ. ಕುಂದ್ರು, ಕುಂದ್ರು" ಎಂದರು.

ಅದೇ ದನಿ, ಅದೇ ಮಾತು. ಏಳುವ ಪ್ರಯತ್ನ ಬಿಟ್ಟು ಕೂತೆ. "ಇದನ್ನ ಅವತ್ತು ಅಂದಿದ್ರ ಸಾಕಿತ್ತ್ರಿ ಮಾವ."

ಅವರು ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡರು. "ಮಂದಿ ಇದ್ರವ್ವ" ಎಂದರು.

"ಮಂದಿ ಇದ್ದಾಗನ ಬೇಕಾಗಿತ್ತ್ರಿ."

ಅವರು ಸುತ್ತ ನೋಡಿದರು. ಕೋಣೆಯಲ್ಲಿ ಬೇರೆ ಕುರ್ಚಿ ಇರಲಿಲ್ಲ. ನಾನು ಏಳುತ್ತೇನೆಂದು ಸ್ವಲ್ಪ ಹೊತ್ತು ಕಾದರೇನೋ. ನಾನು ಏಳಲಿಲ್ಲ. ಗೋಡೆ ಹಿಡಿದು, ನನ್ನ ಎದುರಿನ ಚಾಪೆಯ ಮೇಲೆ ಕೂತರು. ಮೊಮ್ಮಗಳ ಸಾಲಿ, ನಮ್ಮವರ ಡ್ಯೂಟಿ, ಗೌರಿಯ ಕೂಸು, ಎಲ್ಲ ಮಾತಾಡಿದರು. ಅತ್ತೆ ಬರಲು ಹೇಳಿದ್ದಾರೆ ಎಂದರು. ಅತ್ತೆ ಹೇಳಿರಲಾರರೆಂದು ನಮ್ಮಿಬ್ಬರಿಗೂ ಗೊತ್ತಿತ್ತು.

ಹೊರಡುವ ಹೊತ್ತಿಗೆ ಅವರಿಗೆ ಏಳಲಾಗಲಿಲ್ಲ. ಎರಡು ಸಲ ಕೈಯೂರಿ ನೋಡಿದರು, ಎರಡೂ ಸಲ ಹಿಂದಕ್ಕೆ ಕುಸಿದರು. ವಯಸ್ಸಾಗಿತ್ತು, ಕುರ್ಚಿಯ ರೂಢಿಯ ಮೈ. ಆಗ ನಾನು ಎದ್ದೆ, ನಿಧಾನವಾಗಿ, ನನ್ನ ರೀತಿಯಲ್ಲಿ. ಅವರ ಬಳಿ ಹೋಗಿ ನಿಂತೆ. "ಸೀದಾ ಏಳಬ್ಯಾಡ್ರಿ. ಮೊದಲು ಒಂದು ಮಗ್ಗಲಾಗ್ರಿ. ಮಂಡಿ ಊರ್ರಿ. ಈಗ ಗೋಡಿ ಹಿಡೀರಿ. ಉಸಿರು ಬಿಡ್ರಿ. ಈಗ ಏಳ್ರಿ" ಎಂದೆ. ನನ್ನ ಕೈ ಹಿಡಿದು ಅವರು ಎದ್ದರು. ಅವರ ಭಾರಕ್ಕೆ ನನ್ನ ಬೆನ್ನು ಸೀಳಿದಂತಾಯಿತು. ಇಬ್ಬರೂ ಗೋಡೆಗೆ ಆತು ಏದುಸಿರು ಬಿಡುತ್ತ ನಿಂತೆವು.

"ಇಷ್ಟು ತ್ರಾಸ ಆಗ್ತೈತೇನವ್ವ ಏಳಾಕ?" ಎಂದರು ಮಾವ. ಹಣೆಯ ಬೆವರು ಒರೆಸಿಕೊಂಡರು.

"ದಿನಾ ಇಷ್ಟರೀ" ಎಂದೆ.

ಅವರು ಟೋಪಿ ಹಾಕಿಕೊಂಡು, ಹೊಸ್ತಿಲು ಹಿಡಿದು ಇಳಿದು ಹೋದರು. ಮತ್ತೆ ಬರಲಿಲ್ಲ.